ಆರ್ಗಾನ್ ಬಾಯಿಬಿಟ್ಟದ್ದು ಸದ್ದಿಗೆ

1894ರಲ್ಲಿ ರ‍್ಯಾಲೆ ಮತ್ತು ವಿಲಿಯಂ ರ‍್ಯಾಮ್ಸೆ ಗಾಳಿಯಿಂದ ಆರ್ಗಾನ್ ಎಂಬ ಹೊಸ ಅನಿಲವೊಂದನ್ನು ಬೇರ್ಪಡಿಸಿದರು. ಕ್ಲೋರಿನ್, ರಂಜಕ, ಸೋಡಿಯಂ, ಯಾವುದನ್ನು ತಾಗಿಸಿದರೂ ಆರ್ಗಾನ್ ಜಪ್ಪಯ್ಯ ಅನ್ನಲಿಲ್ಲ. ಸಂಯುಕ್ತವನ್ನೇ ಕೊಡದ ವಸ್ತುವಿನ ಪರಮಾಣು ತೂಕ ತಿಳಿಯುವುದು ಹೇಗೆ? ಸಾಂದ್ರತೆಯ ಲೆಕ್ಕದಲ್ಲಿ ಅಣುವಿನ ತೂಕ ಸುಮಾರು 40. ಅದರೊಳಗಿರುವ ಪರಮಾಣು ಒಂದೋ ಎರಡೋ ಗೊತ್ತಿರಲಿಲ್ಲ.

ಅದನ್ನು ಹೇಳಿದ್ದು ಶಬ್ದದ ವೇಗ. ಆ ದಾರಿ ತೆರೆದದ್ದು ಮಾತ್ರ ನ್ಯೂಟನ್ನನ ಎಡವಟ್ಟಿನಿಂದ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 979 ಅಡಿ ಸಾಗಬೇಕೆಂದು ಅವನ ಲೆಕ್ಕ. ಅಳೆದಾಗ ಸಿಕ್ಕದ್ದು 1142. ಗಾಳಿಯ ಕಣಗಳ ಗಾತ್ರ, ಅದರಲ್ಲಿನ ಆವಿ ಎಂದೆಲ್ಲ ಕಾರಣ ಕೊಟ್ಟು ತನ್ನ ಪುಸ್ತಕದ 1713ರ ಆವೃತ್ತಿಯಲ್ಲಿ ಅಂತರ ಮುಚ್ಚಿದ. ನ್ಯೂಟನ್ ಹಾಕಿದರೂ ತೇಪೆ ತೇಪೆಯೇ. 1816ರಲ್ಲಿ ಲಾಪ್ಲಾಸ್ ಅದನ್ನು ಬಿಚ್ಚಿದ: ಶಬ್ದದ ಅಲೆ ಒತ್ತಿದಾಗ ಗಾಳಿ ಬಿಸಿಯೇರುತ್ತದೆ, ಆ ಬಿಸಿ ಆಚೀಚೆ ಹರಿಯಲು ಪುರಸೊತ್ತೇ ಇರುವುದಿಲ್ಲ. ಹೀಗೆ ಅನಿಲದ ಎರಡು ವಿಶಿಷ್ಟೋಷ್ಣಗಳ ಅನುಪಾತ, ಗ್ಯಾಮಾ, ವೇಗದ ಸೂತ್ರದೊಳಗೆ ಬಂತು. ಜೋಡಿ ಪರಮಾಣುವಿನ ಅಣು ಓಡುವುದಲ್ಲದೆ ತಿರುಗುತ್ತಲೂ ಶಾಖ ಉಣ್ಣುತ್ತದೆ, ಗ್ಯಾಮಾ 1.40ರಷ್ಟು. ಒಂಟಿ ಪರಮಾಣುವಿಗೆ ಓಟವಷ್ಟೇ, 1.67.

ಅಳೆಯುವ ಉಪಾಯ ಜರ್ಮನಿಯ ಆಗಸ್ಟ್ ಕುಂಟ್‌ನದು, 1866ರದು. ನಮ್ಮ ಕಾಲೇಜು ಪ್ರಯೋಗಾಲಯಗಳಿಗೂ ಅದು ಹೊಸದಲ್ಲ. ಗಾಜಿನ ಕೊಳವೆಯೊಳಗೆ ಲೈಕೋಪೋಡಿಯಂನ ನುಣ್ಣನೆ ಪುಡಿ ಹರಡಿ, ಕೊಳವೆಗೆ ತೂರಿಸಿದ ಸರಳನ್ನು ರಾಳ ಸವರಿದ ಬಟ್ಟೆಯಿಂದ ಉಜ್ಜಬೇಕು. ಕಿವಿಗಡಚಿಕ್ಕುವ ಕೀರಲು ಸದ್ದೆದ್ದೊಡನೆ ಪುಡಿ ಕುಣಿದು ಗುಪ್ಪೆಗುಪ್ಪೆಯಾಗಿ ಸಾಲುಗಟ್ಟುತ್ತದೆ. ಗುಪ್ಪೆಯಿಂದ ಗುಪ್ಪೆಗೆ ಅರ್ಧ ತರಂಗಾಂತರ. ಸರಳು ಅದೇ ಆದರೆ ಸದ್ದಿನ ಆವೃತ್ತಿ ಗೊತ್ತಿಲ್ಲದಿದ್ದರೂ ನಡೆಯುತ್ತದೆ: ಗಾಳಿಯಲ್ಲಿನ ಅಂತರ, ಬೇರೆ ಅನಿಲದಲ್ಲಿನ ಅಂತರ ಎರಡನ್ನೂ ಹೋಲಿಸಿದರೆ ವೇಗ ಕೈಗೆ ಸಿಕ್ಕಿತು. 1876ರಲ್ಲಿ ಕುಂಟ್ ಮತ್ತು ವಾರ್ಬುರ್ಗ್ ಪಾದರಸದ ಆವಿಗೆ 1.67 ಪಡೆದಿದ್ದರು.

ಆರ್ಗಾನ್ ಕೊಟ್ಟದ್ದೂ ಅದರ ಆಸುಪಾಸಿನ ಸಂಖ್ಯೆಯನ್ನೇ. ಅಂದರೆ ಪರಮಾಣು ಒಂದೇ, ತೂಕ 40. ಆವರ್ತಕ ಕೋಷ್ಟಕದಲ್ಲಿ ಅದರ ಮುಂದಿನ ಪೊಟ್ಯಾಸಿಯಂನದು 39! ತೂಕದ ಸರದಿ ತಪ್ಪಿತು. ಆರ್ಗಾನ್ ಮೂರು ನೈಟ್ರೋಜನ್ ಪರಮಾಣು ಸೇರಿದ ಅಣುವಿರಬೇಕೆಂದು ಆ ಕೋಷ್ಟಕದ ಜನಕ ಮೆಂಡಲೀವ್ ಶಂಕಿಸಿದ. ಹೀಲಿಯಂ, ನಿಯಾನ್, ಕ್ರಿಪ್ಟಾನ್ ಒಂದೊಂದಾಗಿ ಬಂದು ಆವರ್ತಕ ಕೋಷ್ಟಕದಲ್ಲಿ ಹೊಸ ಕಂಬಸಾಲನ್ನೇ ಕೇಳಿದಾಗ ತಕರಾರು ತಣ್ಣಗಾಯಿತು.

ಆರ್ಗಾನಿಗೂ ಸದ್ದಿಗೂ ಇದ್ದ ನಂಟು ಅಲ್ಲಿಗೆ ಮುಗಿಯಲಿಲ್ಲ. 1988ರಲ್ಲಿ ಅಮೆರಿಕದ ಮೈಕೆಲ್ ಮೋಲ್ಡೋವರ್ ತಂಡ ಉಕ್ಕಿನ ಗೋಳದಲ್ಲಿ ಆರ್ಗಾನನ್ನೇ ತುಂಬಿ, ಅದರ ಅನುರಣನದಿಂದ ಅನಿಲ ಸ್ಥಿರಾಂಕವನ್ನು ಅಳೆಯಿತು. ಅನಿಶ್ಚಿತತೆ ಹತ್ತು ಲಕ್ಷಕ್ಕೆ ಎರಡಕ್ಕಿಂತ ಕಡಿಮೆ. ಗೋಳದ ಗಾತ್ರ ತಿಳಿಯಲು ಪಾದರಸ ತುಂಬಿ ತೂಗಿದ್ದರು. 2019ರಲ್ಲಿ ಕೆಲ್ವಿನ್‌ಗೆ ಹೊಸ ವ್ಯಾಖ್ಯೆ ಕೊಡಲು ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಖಾಯಂ ಮಾಡಿದಾಗಲೂ ಆರ್ಗಾನ್, ಹೀಲಿಯಂ ತುಂಬಿದ ಪಾತ್ರೆಗಳ ಸದ್ದಿನ ಅಳತೆಗಳೇ ಮುಖ್ಯ ಆಧಾರವಾಗಿದ್ದವು.