ಔಷಧಿಯ ಗುಟ್ಟು, ರೋಗಿಯ ಗುಟ್ಟು

ನಾಟಿ ವೈದ್ಯ ಪರಂಪರೆಯಲ್ಲಿ ಗುಟ್ಟೆಂಬುದು ಔಷಧಿಗೆ ಸಂಬಂಧಿಸಿದ್ದು. ಬೇರಿನ ಹೆಸರನ್ನು ಹೊರಗೆಡಹಿದರೆ ಮದ್ದಿನ ಗುಣ ಕೆಡುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ರೋಗದ ವಿವರವನ್ನಾದರೋ ವೈದ್ಯರ ಜಗಲಿಯಲ್ಲಿ ನೆರೆದವರೆದುರೇ ಹೇಳಿಕೊಳ್ಳುವುದುಂಟು. ಆಧುನಿಕ ಆಸ್ಪತ್ರೆಯಲ್ಲಿ ಈ ಕ್ರಮ ತಿರುವುಮುರುವಾಗಿದೆ: ಔಷಧಿಯ ಘಟಕಗಳು ಹೊದಿಕೆಯ ಮೇಲೆಯೇ ಮುದ್ರಿತವಾಗಿರುತ್ತವೆ, ಗುಟ್ಟಾಗಿ ಉಳಿಯಬೇಕಾದುದು ರೋಗಿಯ ವಿವರ. ಈ ಗುಟ್ಟಿನ ಎಲ್ಲೆಯನ್ನು ಗುರುತಿಸುವುದು ಆರೋಗ್ಯ ಕಾನೂನಿನ ವಕೀಲರ ಮುಖ್ಯ ಕಾರ್ಯವಾಗಿದೆ.

ಎಚ್‌ಐವಿ ಸೋಂಕಿನ ಸಂಗತಿಯು ಆಸ್ಪತ್ರೆಯಿಂದ ಬಯಲಾಗಿ ವ್ಯಕ್ತಿಯೊಬ್ಬರ ವಿವಾಹ ಮುರಿದುಬಿದ್ದ ಪ್ರಕರಣದಲ್ಲಿ, ಖಾಸಗಿತನದ ಹಕ್ಕು ನಿರಪೇಕ್ಷವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ತೀರ್ಪಿತ್ತಿತು. ಭಾವೀ ಪತ್ನಿಯ ಆರೋಗ್ಯರಕ್ಷಣೆಗೆ ಮನ್ನಣೆ ದೊರೆಯಿತು. 2017ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದೇ ವರ್ಷದ ಎಚ್‌ಐವಿ ಅಧಿನಿಯಮವು ಸೋಂಕಿತರ ಒಪ್ಪಿಗೆಯನ್ನು ಸಾಮಾನ್ಯ ನಿಯಮವಾಗಿಸಿ, ಸಂಗಾತಿಗೆ ವೈದ್ಯರು ತಿಳಿಸುವ ಸಂದರ್ಭವನ್ನು ಷರತ್ತುಗಳಿಗೆ ಒಳಪಡಿಸಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಒಪ್ಪಿಗೆಯ ಕೋರಿಕೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಪಡೆಯಲು ಅವಕಾಶ ಕಲ್ಪಿಸಿದೆ. ಅರ್ಥವಾಗದ ಪತ್ರಕ್ಕೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯೆನಿಸದು. ವಕೀಲರು ಸಿದ್ಧಪಡಿಸುವ ಒಪ್ಪಿಗೆಪತ್ರವು ಜಗಲಿಯ ಮಾತಿನಷ್ಟೇ ತಿಳಿಯಾಗಿರಬೇಕಾದುದು ಈ ಕಾರಣದಿಂದಲೇ.