ಯಂತ್ರ ಓದಿದ ಲೋಕದಲ್ಲಿ ಅಂಕೋಲೆ ಎಷ್ಟು?

ಕಾರವಾರದ ಎದುರಿಗಿರುವ ದೇವಗಡ, ಕೂರ್ಮಗಡ ದ್ವೀಪಗಳಲ್ಲಿ ಒಬ್ಬೊಬ್ಬರು ಸಿಕ್ಕಿಬಿದ್ದಿದ್ದಾರೆ, ಕಡಲಡಿಯ ತಂತಿಯಲ್ಲಿ ಪರಸ್ಪರ ಸಂದೇಶ ಕಳಿಸುತ್ತಾರೆ ಅಂದುಕೊಳ್ಳಿ. ಆಕ್ಟೋಪಸ್ ಒಂದು ಆ ತಂತಿಗೆ ಕಿವಿಗೊಟ್ಟು, ಯಾವ ಮಾತಿನ ಹಿಂದೆ ಯಾವ ಮಾತು ಬರುತ್ತದೆಂದು ಗಮನಿಸುತ್ತ ಕೂರುತ್ತದೆ. ಒಂದು ದಿನ ತಂತಿ ಕತ್ತರಿಸಿ ತಾನೇ ಉತ್ತರ ಕೊಡತೊಡಗುತ್ತದೆ. ಹವೆ, ಊಟ, ಕುಶಲದ ಮಾತಾದರೆ ಮೋಸ ಗೊತ್ತಾಗುವುದಿಲ್ಲ. ‘ಕರಡಿ ಮೈಮೇಲೆ ಬರುತ್ತಿದೆ, ಕೈಯಲ್ಲಿ ಎರಡು ಕೋಲಿವೆ, ಏನು ಮಾಡಲಿ?’ ಎಂದು ಕೇಳಿದರೆ? ಕರಡಿಯನ್ನೂ ಕೋಲನ್ನೂ ಕಾಣದ ಆ ಜೀವಿ ಏನು ಹೇಳೀತು?

ಎಮಿಲಿ ಬೆಂಡರ್, ಅಲೆಕ್ಸಾಂಡರ್ ಕೊಲ್ಲರ್ ಎಂಬ ಭಾಷಾವಿಜ್ಞಾನಿಗಳು 2020ರಲ್ಲಿ ಕಟ್ಟಿದ ಕಲ್ಪನೆಯಿದು. ದ್ವೀಪಗಳ ಹೆಸರಷ್ಟೇ ನಮ್ಮವು. ಬರೀ ಬರಹದಿಂದ ಕಲಿತ ಯಂತ್ರಕ್ಕೆ ಅರ್ಥ ದಕ್ಕುವುದಿಲ್ಲ ಎಂಬುದು ಅವರ ವಾದ.

ಈ ವಾದ ಅರ್ಧ ಮಾತ್ರ ನಿಜ ಎಂದು ನನಗನಿಸುತ್ತದೆ. ಎಐ ಭಾಷಾ ಮಾದರಿ ಕಲಿಯುವ ಬಗೆಯನ್ನೇ ನೋಡಿ. ‘ಮೇ ಬಂತೆಂದರೆ ಅಂಕೋಲೆ ಪೇಟೆಯಲ್ಲಿ ಕರಿ ಇಶಾಡ...’ ಎಂಬಲ್ಲಿ ವಾಕ್ಯ ನಿಲ್ಲಿಸಿ, ಮುಂದಿನ ಪದ ಊಹಿಸು ಎನ್ನುತ್ತಾರೆ. ತಪ್ಪಿದರೆ ಒಳಗಿನ ಅಂಕಿಗಳನ್ನು ತುಸುತುಸುವೇ ತಿದ್ದಲಾಗುತ್ತದೆ. 2020ರ ಜಿಪಿಟಿ-3ರಲ್ಲಿ ಅಂಥ ಅಂಕಿಗಳು 17,500 ಕೋಟಿ. ಕೋಟಿಗಟ್ಟಲೆ ವಾಕ್ಯಗಳ ಮೇಲೆ ಇದೇ ಕೆಲಸ ನಡೆಯುತ್ತದೆ. ಊಹೆ ಸರಿಹೋಗಬೇಕಾದರೆ ಇಶಾಡ ಮಾವಿನ ಜಾತಿ, ಅದರ ಸಿಪ್ಪೆ ತೆಳು, ಮಳೆ ಬಿದ್ದರೆ ಹಂಗಾಮು ಮುಗಿಯಿತು ಎಂಬ ನಂಟುಗಳೆಲ್ಲ ಆ ಅಂಕಿಗಳಲ್ಲಿ ಹೇಗೋ ಸೇರಿಕೊಳ್ಳಲೇಬೇಕು.

ಅಮೆರಿಕದ ಸಂಶೋಧಕರು 2022ರಲ್ಲಿ ಒಂದು ಪುಟ್ಟ ಮಾದರಿಗೆ ಒಥೆಲೊ ಎಂಬ ಮಣೆಯಾಟದ ನಡೆಗಳ ಪಟ್ಟಿಯನ್ನಷ್ಟೇ ಕೊಟ್ಟರು. ಮಣೆ ಹೇಗಿದೆ, ನಿಯಮವೇನು ಎಂದು ಹೇಳಿಕೊಡಲಿಲ್ಲ. ಆಮೇಲೆ ಅದರ ಒಳಗನ್ನು ತಪಾಸಣೆ ಮಾಡಿದರೆ, ಯಾವ ಮನೆಯಲ್ಲಿ ಯಾರ ಕಾಯಿ ಇದೆ ಎಂಬ ಚಿತ್ರ ಅಲ್ಲಿ ಸಿಕ್ಕಿತು! ಆ ಚಿತ್ರವನ್ನು ತಿದ್ದಿದರೆ ಯಂತ್ರದ ನಡೆಯೂ ಬದಲಾಗುತ್ತಿತ್ತು. ಇದನ್ನು ಗಿಳಿಪಾಠ ಎಂದು ತಳ್ಳಿಹಾಕಲಾಗದು.

ಆದರೆ ಯಾರೂ ಬರೆಯದ್ದನ್ನು ಅದು ಎಲ್ಲಿಂದ ಕಲಿಯಬೇಕು? ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆಗೆ ಹೋದವರಲ್ಲ. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜವನ್ನು ಯಾವಾಗ ಆಯ್ದರೆ ಸಸಿ ಚೆನ್ನಾಗಿ ಏಳುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಸಸಿ ಬೆಳೆಸಿದ ಅವರಿಗೆ ಪದ್ಮಶ್ರೀ ಬಂತು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರುವರಿ 13ರಂದು, ಬಡಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಹಾಲಕ್ಕಿ ಒಕ್ಕಲಿಗರ ಸಾವಿರಾರು ಹಾಡುಗಳು ಸುಕ್ರಜ್ಜಿಯ ನೆನಪಿನಲ್ಲಿದ್ದವು. ಅವುಗಳಲ್ಲಿ ಕೆಲವನ್ನು ಧ್ವನಿಮುದ್ರಿಸಿಕೊಂಡದ್ದುಂಟು. ಎಲ್. ಆರ್. ಹೆಗಡೆ, ಎನ್. ಆರ್. ನಾಯಕರಂಥವರು ಊರೂರು ಅಲೆದು ಜಿಲ್ಲೆಯ ಜಾನಪದ ಸಂಗ್ರಹಿಸದಿದ್ದರೆ ಇನ್ನೆಷ್ಟು ಕಳೆದುಹೋಗುತ್ತಿತ್ತೋ! ಹಾಡಿಗಾದರೂ ಪದಗಳಿವೆ. ತುಳಸಜ್ಜಿಯ ಕೈಯರಿವಿನ ಬಹುಪಾಲಿಗೆ ಅದೂ ಇರಲಿಲ್ಲ.

ಆಕ್ಟೋಪಸ್ ಕಥೆಯ ನಿಜವಾದ ಪಾಲು ನನಗೆ ಕಾಣುವುದು ಇಲ್ಲಿ. ತಂತಿಯಲ್ಲಿ ಹರಿಯದ ಮಾತು ಅದಕ್ಕೆ ತಲುಪುವುದೇ ಇಲ್ಲ. ಇಂಗ್ಲಿಷ್ ವಿಕಿಪೀಡಿಯಾದ ಲೇಖನಗಳು 60 ಲಕ್ಷ ದಾಟಿವೆ. ಕನ್ನಡದವು ಇನ್ನೂ ಸಾವಿರಗಳ ಲೆಕ್ಕದಲ್ಲಿವೆ. ಕಾರವಾರದ ಮೀನುಗಾರರ ಕೊಂಕಣಿಯೂ ಹಾಲಕ್ಕಿ ಕನ್ನಡವೂ ಇದಕ್ಕಿಂತ ಎಷ್ಟೋ ಹಿಂದೆ. ನಾಳೆ ನಮ್ಮ ಮಕ್ಕಳು ತಮ್ಮೂರಿನ ಬಗ್ಗೆ ಈ ಯಂತ್ರವನ್ನೇ ಕೇಳುತ್ತಾರೆ. ಗೊತ್ತಿಲ್ಲದ್ದನ್ನೂ ಅದು ಗೊತ್ತಿರುವಂತೆ ಹೇಳಿಬಿಡುವುದುಂಟು.

ಅಂಕೋಲೆ, ಕಾರವಾರದ ಕಾಲೇಜು ಹುಡುಗ ಹುಡುಗಿಯರಲ್ಲಿ ನನ್ನದೊಂದು ವಿನಂತಿ. ಈ ರಜೆಯಲ್ಲಿ ನಿಮ್ಮ ಮನೆಯ, ಕೇರಿಯ ಹಿರಿಯರ ಬಳಿ ಕೂತು, ಅವರ ಒಪ್ಪಿಗೆ ಪಡೆದು, ಹಾಡು, ಮೀನು, ಮರ, ಮಳೆಯ ಬಗ್ಗೆ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಹೇಳಿದವರ ಹೆಸರನ್ನೂ ತಪ್ಪದೆ ಹಾಕಿ.