ರೆಕ್ಕೆ ಬೆಂಗಳೂರಿನದು, ಎಂಜಿನ್ ಎಲ್ಲಿಯದು?

ಮೋಡವಿಲ್ಲದ ದಿನ ಲಿಂಗರಾಜಪುರದಲ್ಲಿ ಗುಡುಗು ಕೇಳಿಸಿದರೆ ಒಣಹಾಕಿದ ಬಟ್ಟೆ ತೆಗೆಯಲು ಯಾರೂ ಮಹಡಿಗೆ ಓಡುವುದಿಲ್ಲ. ದಕ್ಷಿಣಕ್ಕೆ ಏಳೆಂಟು ಕಿಲೋಮೀಟರ್ ದೂರದ ಎಚ್‌ಎಎಲ್ ರನ್‌ವೇಯಿಂದ ಯುದ್ಧವಿಮಾನ ಎದ್ದಿದೆ ಎಂದು ಇಲ್ಲಿನವರಿಗೆ ಗೊತ್ತು. 2008ರಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದರೂ ಪರೀಕ್ಷಾ ಹಾರಾಟಗಳು ಇಲ್ಲೇ ಉಳಿದವು. ಬೈಯಪ್ಪನಹಳ್ಳಿ ದಾಟಿ ಹಳೇ ಮದ್ರಾಸ್ ರಸ್ತೆಗೆ ಬಂದರೆ, ಎಚ್‌ಎಎಲ್ ಕಡೆಗೆ ತಿರುಗುವ ದಾರಿಯ ಹೆಸರು ಸುರಂಜನ್ ದಾಸ್ ರಸ್ತೆ. ದಿನವೂ ಆಟೊದವರಿಗೆ ಆ ಹೆಸರು ಹೇಳುವವರು ದಾಸ್ ಯಾರೆಂದು ತಿಳಿದಿರಬೇಕು. ನಮ್ಮ ವಾಯುಪಡೆಯನ್ನು ಅರವತ್ತು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ ಅವರ ಬದುಕಿನೊಂದಿಗೆ ಹೆಣೆದುಕೊಂಡಿದೆ: ವಿಮಾನವನ್ನು ನಾವೇ ಕಟ್ಟುತ್ತೇವೆ, ಎಂಜಿನ್ ಯಾರು ಕೊಡುತ್ತಾರೆ?

ಭಾರತೀಯ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಮರುವರ್ಷ ಏಪ್ರಿಲ್‌ನಲ್ಲಿ ಕರಾಚಿಯಲ್ಲಿ ಶುರುವಾದ ಮೊದಲ ಸ್ಕ್ವಾಡ್ರನ್ ಬಳಿ ಇದ್ದದ್ದು ನಾಲ್ಕು ವಾಪಿಟಿಗಳು, ಜೋಡಿ ರೆಕ್ಕೆಯ ಬ್ರಿಟಿಷ್ ವಿಮಾನಗಳು. ಬೆಂಗಳೂರು ಈ ಕಥೆಯೊಳಗೆ ಬಂದದ್ದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನದ ನೆರವಿನಿಂದ ಇಲ್ಲಿ ವಿಮಾನ ಕಾರ್ಖಾನೆ ತೆರೆದರು; ಅದೇ ಇಂದಿನ ಎಚ್‌ಎಎಲ್. ಮಹಾಯುದ್ಧ ಜೋರಾದಾಗ ಅಮೆರಿಕದ ಸೇನೆ ಅದನ್ನು ತನ್ನ ರಿಪೇರಿ ಕೇಂದ್ರ ಮಾಡಿಕೊಂಡಿತು. ಆಗ ಕಲಿತ ಕೈಕೆಲಸ ಬೇಗನೇ ಉಪಯೋಗಕ್ಕೆ ಬಂತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳನ್ನು, ಮತ್ತೆ ಯಾರೂ ಹಾರಿಸದಂತೆ ಜಖಂ ಮಾಡಿ ಬಿಟ್ಟುಹೋಗಿದ್ದರು. ಎಚ್‌ಎಎಲ್‌ನವರು ಅಲ್ಲಿಗೇ ಹೋಗಿ ಅವನ್ನು ಹೇಗೋ ಹಾರುವ ಸ್ಥಿತಿಗೆ ತಂದರು. ಪರೀಕ್ಷಾ ಪೈಲಟ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿಯಾದ ಲಿಬರೇಟರ್‌ಗಳಿಂದಲೇ 1948ರ ನವೆಂಬರ್‌ನಲ್ಲಿ 5ನೇ ಸ್ಕ್ವಾಡ್ರನ್ ಎದ್ದಿತು. ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರ್‌ಗಳು ಗುಜರಿಯಿಂದ ಬಂದವು ಎಂಬುದನ್ನು ನೆನೆದಾಗಲೆಲ್ಲ ಆ ಕೆಲಸಗಾರರ ಮೇಲೆ ಗೌರವ ಹೆಚ್ಚುತ್ತದೆ.

ರಿಪೇರಿಯಿಂದ ಸ್ವಂತ ವಿನ್ಯಾಸಕ್ಕೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. 1951ರಲ್ಲಿ ವಿ.ಎಂ. ಘಾಟಗೆ ಅವರ ತಂಡದ ಎಚ್‌ಟಿ-2 ತರಬೇತಿ ವಿಮಾನ ಹಾರಿತು. 1956ರಲ್ಲಿ, ಜರ್ಮನಿಯ ಪ್ರಸಿದ್ಧ ಫೋಕೆ-ವುಲ್ಫ್ 190 ವಿಮಾನ ರೂಪಿಸಿದ್ದ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಮೊದಲು ಮರದಲ್ಲಿ ಪೂರ್ಣ ಗಾತ್ರದ ಗ್ಲೈಡರ್ ಮಾಡಿ, ಡಕೋಟಾ ವಿಮಾನದಿಂದ ಎಳೆಸಿ ಆಕಾರವನ್ನು ಪರೀಕ್ಷಿಸಿದರು. 1961ರ ಜೂನ್ 17ರಂದು ಎಚ್‌ಎಫ್-24 ಮರುತ್ ಮೇಲೇರಿತು. ಅದನ್ನು ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್.

ಮರುತ್‌ನ ಮೈಕಟ್ಟು ಶಬ್ದದ ಎರಡರಷ್ಟು ವೇಗವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಅದಕ್ಕೆ ಬೇಕಿದ್ದ ಬಲವಾದ ಬ್ರಿಟಿಷ್ ಎಂಜಿನ್‌ನ ಅಭಿವೃದ್ಧಿ ಖರ್ಚು ಹೊರಲು ಯಾರೂ ಒಪ್ಪಲಿಲ್ಲ. ಈಜಿಪ್ಟ್‌ನ ಎಂಜಿನ್ ಯೋಜನೆಯ ಜೊತೆ ಸೇರಿದ್ದೂ ಫಲಿಸಲಿಲ್ಲ. ಕೊನೆಗೆ ಸಿಕ್ಕಿದ ಎರಡು ಸಣ್ಣ ಆರ್ಫಿಯಸ್ ಎಂಜಿನ್‌ಗಳೊಂದಿಗೆ ಮರುತ್ ಶಬ್ದದ ವೇಗದ ಹೊಸಿಲಲ್ಲೇ ನಿಂತಿತು. ಎಂಜಿನ್‌ನ ಬಾಲದಲ್ಲಿ ಮತ್ತಷ್ಟು ಇಂಧನ ಸುರಿದು ಉರಿಸಿ ಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಜೋಡಣೆಗೆ ಬೆಂಗಳೂರಿನ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ಕೈಹಾಕಿತು. ಅಂಥದ್ದೊಂದು ಮರುತ್ ಅನ್ನು ಪರೀಕ್ಷಿಸುವಾಗಲೇ, 1970ರ ಜನವರಿ 10ರಂದು, ಆಗ ಗ್ರೂಪ್ ಕ್ಯಾಪ್ಟನ್ ಆಗಿದ್ದ ದಾಸ್ ಅಪಘಾತದಲ್ಲಿ ತೀರಿಕೊಂಡರು. ಮುಂದಿನ ವರ್ಷ ಪಾಕಿಸ್ತಾನದೊಂದಿಗೆ ನಡೆದ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ಎರಗಿ ಮರುತ್ ಒಳ್ಳೆಯ ಹೆಸರು ಗಳಿಸಿತು. ಎಂಜಿನ್ ಮಾತ್ರ ಕೊನೆಯವರೆಗೂ ಬರಲಿಲ್ಲ.

ಬರೀ ವೇಗದಿಂದ ಕಾಳಗ ಗೆಲ್ಲಲಾಗದು ಎಂಬುದಕ್ಕೆ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಸಾಕ್ಷಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಅವರ ಹಳೆಯ ಮಿಸ್ಟೇರ್‌ಗೆ ಎದುರಾದದ್ದು ಶಬ್ದದ ಎರಡರಷ್ಟು ವೇಗದ ಸ್ಟಾರ್‌ಫೈಟರ್. ಆ ವಿಮಾನದ ರೆಕ್ಕೆ ಬಹಳ ಚಿಕ್ಕದು, ಹಾಗಾಗಿ ತಿರುಗಲು ವಿಶಾಲ ಜಾಗ ಬೇಕು. ತಿರುವುಗಳ ಹೋರಾಟದಲ್ಲಿ ದೇವಯ್ಯ ಅದನ್ನು ಹೊಡೆದುರುಳಿಸಿದರು, ತಾವೂ ಹಿಂದಿರುಗಲಿಲ್ಲ. ಮಹಾವೀರ ಚಕ್ರ ಸಂದದ್ದು 1988ರಲ್ಲಿ.

ಬಿಗಿಯಾಗಿ ತಿರುಗುವ ಗುಣವನ್ನು ಯಂತ್ರದ ಮೈಯಲ್ಲೇ ಹೇಗೆ ತರುವುದು? ಬೆಂಗಳೂರಿನಲ್ಲೇ ರೂಪುಗೊಂಡ ಯುದ್ಧವಿಮಾನ ತೇಜಸ್ ಕೊಟ್ಟಿರುವ ಉತ್ತರ ಬೆರಗು ಹುಟ್ಟಿಸುವಂಥದ್ದು. ಸಾಮಾನ್ಯ ವಿಮಾನದ ತೂಕದ ಕೇಂದ್ರ, ರೆಕ್ಕೆಯ ಎತ್ತುವ ಬಲದ ಕೇಂದ್ರಕ್ಕಿಂತ ಸ್ವಲ್ಪ ಮುಂದಿರುತ್ತದೆ. ಗಾಳಿಯ ಹೊಡೆತಕ್ಕೆ ಮೂತಿ ಮೇಲೆದ್ದರೆ ತಾನೇ ಇಳಿದು ಸಮವಾಗುತ್ತದೆ. ಪೈಲಟ್ ಬೇಕೆಂದೇ ಮೂತಿ ಎತ್ತುವಾಗಲೂ ಆ ಗುಣ ಅಡ್ಡ ಬರುತ್ತದೆ. ತೇಜಸ್‌ನಂಥ ಬಾಲರೆಕ್ಕೆಯಿಲ್ಲದ ತ್ರಿಕೋನ ವಿಮಾನಕ್ಕೆ ಇದು ಇನ್ನೂ ದುಬಾರಿ: ಮೂತಿ ಎತ್ತಲು ರೆಕ್ಕೆಯ ಹಿಂದಂಚಿನ ಪಟ್ಟಿಗಳನ್ನು ಮೇಲಕ್ಕೆ ತಿರುಗಿಸಿ ಹಿಂಭಾಗವನ್ನು ಕೆಳಕ್ಕೆ ಒತ್ತಬೇಕು, ಅಂದರೆ ಎತ್ತುವ ಬಲವನ್ನೇ ಒಂದಿಷ್ಟು ಕಳೆದುಕೊಳ್ಳಬೇಕು. ತೂಕದ ಕೇಂದ್ರವನ್ನು ಹಿಂದಕ್ಕೆ ಸರಿಸಿದರೆ ಲೆಕ್ಕ ತಿರುವುಮುರುವಾಗುತ್ತದೆ. ಈಗ ಸಮತೋಲಕ್ಕಾಗಿ ಪಟ್ಟಿಗಳು ಕೆಳಕ್ಕೆ ಬಾಗುತ್ತವೆ, ಎತ್ತುವ ಬಲ ಕೂಡಿಕೊಳ್ಳುತ್ತದೆ. ಚಿಕ್ಕ ರೆಕ್ಕೆ ಸಾಕು, ವಿಮಾನ ಹಗುರ, ತಿರುವು ಬಿಗಿ.

ಆದರೆ ಇಂಥ ವಿಮಾನ ಬೆರಳ ತುದಿಯಲ್ಲಿ ನಿಲ್ಲಿಸಿದ ಕೋಲಿನಂತೆ. ಕೈ ಸ್ವಲ್ಪ ತಡವಾದರೂ ಬೀಳುತ್ತದೆ. ಮನುಷ್ಯನ ಕೈಗೆ ಅಷ್ಟು ಚುರುಕಿಲ್ಲ. ಅದಕ್ಕೇ ಪೈಲಟ್‌ನ ಕೈಯ ನಿಯಂತ್ರಣ ಕೋಲಿಗೂ ರೆಕ್ಕೆಯ ಪಟ್ಟಿಗಳಿಗೂ ನಡುವೆ ನೇರ ಕೊಂಡಿಯಿಲ್ಲ. ಪೈಲಟ್ ಏನು ಬಯಸಿದ್ದಾರೆಂದು ಕಂಪ್ಯೂಟರ್ ತಿಳಿದು, ಪ್ರತಿ ಸೆಕೆಂಡಿಗೆ ಹತ್ತಾರು ಬಾರಿ ಪಟ್ಟಿಗಳನ್ನು ತಿದ್ದುತ್ತಿರುತ್ತದೆ. ಇದು ನಾಲ್ಕು ವಾಹಿನಿಗಳ ವ್ಯವಸ್ಥೆ. ಒಂದು ವಾಹಿನಿ ಬೇರೆ ಉತ್ತರ ಕೊಟ್ಟರೆ ಉಳಿದ ಮೂರು ಬಹುಮತದಿಂದ ಅದನ್ನು ಬದಿಗಿಡುತ್ತವೆ. ಈ ಕಂಪ್ಯೂಟರನ್ನು ರೂಪಿಸಿದ್ದು ಎಡಿಇ, ಸಿ.ವಿ. ರಾಮನ್ ನಗರದ ಕಡೆಯ ಡಿಆರ್‌ಡಿಒ ಸಂಸ್ಥೆ. ಅದರೊಳಗಿನ ನಿಯಂತ್ರಣ ಸೂತ್ರಗಳು ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಶ್ಯಾಮ್ ಚೆಟ್ಟಿ ನೇತೃತ್ವದ ತಂಡದ್ದು. ಅವನ್ನು ಮೊದಲು ಅಮೆರಿಕದಲ್ಲಿ, ಮಾರ್ಪಡಿಸಿದ ಎಫ್-16ರಲ್ಲಿ ಹಾರಿಸಿ ನೋಡಿದ್ದರು. 1998ರ ಪೋಖ್ರಾನ್ ಅಣುಪರೀಕ್ಷೆಯ ನಂತರ ನಿರ್ಬಂಧ ಬಿದ್ದು, ಅಲ್ಲಿದ್ದ ನಮ್ಮ ಎಂಜಿನಿಯರ್‌ಗಳು ವಾಪಸಾಗಬೇಕಾಯಿತು. ಉಳಿದದ್ದನ್ನು ಇಲ್ಲೇ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಇದೇ ಎಚ್‌ಎಎಲ್ ರನ್‌ವೇಯಿಂದ ಮೊದಲ ಬಾರಿ ವಿಮಾನವನ್ನು ಎಬ್ಬಿಸಿದಾಗ, ಕೋಟ ಹರಿನಾರಾಯಣ ಮುನ್ನಡೆಸಿದ ಯೋಜನೆಯ ಹದಿನೇಳು ವರ್ಷಗಳ ದುಡಿಮೆ ಗಾಳಿಯಲ್ಲಿತ್ತು.

ತೇಜಸ್‌ನ ಮೈತೂಕದ ಸುಮಾರು ಶೇಕಡಾ 45ರಷ್ಟು ಕಾರ್ಬನ್ ನಾರಿನ ಸಂಯುಕ್ತ. ಎಂಟು ಕಡೆ ಕ್ಷಿಪಣಿ, ಬಾಂಬು, ಇಂಧನ ಟ್ಯಾಂಕ್ ತೂಗುಹಾಕಬಹುದು. 45ನೇ ಸ್ಕ್ವಾಡ್ರನ್ 2016ರ ಜುಲೈ 1ರಂದು ಬೆಂಗಳೂರಿನಲ್ಲೇ ತೇಜಸ್ ಪಡೆಯಿತು, 18ನೆಯದು 2020ರಲ್ಲಿ ಸುಲೂರಿನಲ್ಲಿ. 2025ರ ನವೆಂಬರ್‌ನಲ್ಲಿ ದುಬೈ ಪ್ರದರ್ಶನದ ವೇಳೆ ತೇಜಸ್ ಪತನವಾಗಿ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಮೃತಪಟ್ಟರು. ಅದಕ್ಕೆ ಎರಡು ತಿಂಗಳು ಮೊದಲಷ್ಟೇ ಮಿಗ್-21 ನಿವೃತ್ತಿಯಾಗಿತ್ತು. ವಾಯುಪಡೆಗೆ 42 ಯುದ್ಧ ಸ್ಕ್ವಾಡ್ರನ್‌ಗಳ ಮಂಜೂರಾತಿ ಇದ್ದರೂ ಆಗ ಉಳಿದದ್ದು 29. ಖಾಲಿ ಜಾಗ ತುಂಬಬೇಕಾದ ತೇಜಸ್ ಮಾರ್ಕ್ 1ಎ ವಿಮಾನಗಳು ತಡವಾದವು. ಹಲವು ಕಾರಣಗಳಲ್ಲಿ ಮುಖ್ಯವಾದದ್ದು ಮತ್ತೆ ಅದೇ: 2021ರಲ್ಲಿ ಆರ್ಡರ್ ಮಾಡಿದ ಅಮೆರಿಕದ ಎಫ್-404 ಎಂಜಿನ್‌ಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ.

ಎಂಜಿನ್ ಯಾಕಿಷ್ಟು ಕಷ್ಟ? ಟರ್ಬೈನಿಗೆ ನುಗ್ಗುವ ಅನಿಲದ ಬಿಸಿ, ಅದರ ಅಲಗಿನ ಲೋಹ ಕರಗುವ ಬಿಸಿಗಿಂತ ಹೆಚ್ಚು. ಅಂಥ ಕುಲುಮೆಯಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಲೇ ಅಲಗು ಹಿಗ್ಗದೆ, ಬಿರಿಯದೆ ಉಳಿಯಬೇಕು. ಹಾಗಾಗಿ ಪ್ರತಿ ಅಲಗನ್ನೂ ನಿಕಲ್ ಮಿಶ್ರಲೋಹದ ಒಂದೇ ಹರಳಾಗಿ ಬೆಳೆಸುತ್ತಾರೆ; ಬಿರುಕು ಹುಟ್ಟುವ ಹರಳಂಚುಗಳೇ ಅದರಲ್ಲಿರುವುದಿಲ್ಲ. ಒಳಗೆ ಕೊಳವೆಗಳು, ಮೈಮೇಲೆ ಸೂಕ್ಷ್ಮ ರಂಧ್ರಗಳು. ಅವುಗಳಿಂದ ಹೊರಡುವ ತಣ್ಣನೆಯ ಗಾಳಿಯ ತೆಳುಪದರ ಅಲಗನ್ನು ಕಾಯುತ್ತದೆ. ಈ ವಿದ್ಯೆಯನ್ನು ಯಾವ ದೇಶವೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ತೇಜಸ್‌ಗೆಂದು ಜಿಟಿಆರ್‌ಇ ಕೈಗೊಂಡ ಕಾವೇರಿ ಎಂಜಿನ್‌ಗೆ ಮಂಜೂರಾತಿ ಸಿಕ್ಕಿದ್ದು 1989ರಲ್ಲಿ. ನಿರೀಕ್ಷಿಸಿದ ಬಲ ಬರಲಿಲ್ಲ, ತೂಕ ಹೆಚ್ಚಾಯಿತು. 2008ರಲ್ಲಿ ಅದನ್ನು ತೇಜಸ್ ಯೋಜನೆಯಿಂದ ಬೇರ್ಪಡಿಸಿದರು. ಅದನ್ನು ಸೋಲು ಎಂದು ಬರೆದು ಮುಗಿಸಲು ನನಗೆ ಮನಸ್ಸಿಲ್ಲ, ಯಾಕೆಂದರೆ ಅದಕ್ಕೆ ಸಿಗಬೇಕಾದ ಅನುಕೂಲವೇ ಸಿಕ್ಕಿರಲಿಲ್ಲ. ಎತ್ತರದ ತೆಳುಗಾಳಿಯಲ್ಲಿ ಎಂಜಿನ್ ಹೇಗೆ ಉರಿಯುತ್ತದೆಂದು ನೋಡಲು ಕಾವೇರಿಯನ್ನು ರಷ್ಯಾಕ್ಕೆ ಒಯ್ಯಬೇಕಾಯಿತು; 2010ರಲ್ಲಿ ಅದು ಮೊದಲ ಬಾರಿ ಆಕಾಶಕ್ಕೇರಿದ್ದು ಅಲ್ಲಿನ ಇಲ್ಯೂಷಿನ್ ವಿಮಾನಕ್ಕೆ ಕಟ್ಟಿಸಿಕೊಂಡು. ತಪ್ಪು ಕಂಡರೆ ಬೆಂಗಳೂರಿಗೆ ತಂದು ತಿದ್ದಿ, ಮತ್ತೆ ಸರದಿಗೆ ಕಾಯಬೇಕು. ಮುಂದಿನ ಪೀಳಿಗೆಯ ವಿಮಾನಕ್ಕೆ ಫ್ರಾನ್ಸ್ ಜೊತೆಗೂಡಿ ಹೊಸ ಎಂಜಿನ್ ಮಾಡುವ ಮಾತು ಈಗ ನಡೆದಿದೆ. ಆ ಎಂಜಿನ್‌ಗೂ ಇದೇ ಗತಿ ಆಗಬಾರದು. 2025ರಲ್ಲಿ ಇನ್ನೂ 97 ತೇಜಸ್‌ಗಳಿಗೆ ಸರ್ಕಾರ 62 ಸಾವಿರ ಕೋಟಿ ರೂಪಾಯಿಗೂ ಮಿಗಿಲಾದ ಒಪ್ಪಂದ ಮಾಡಿಕೊಂಡಿತು. ಅದರ ಒಂದು ಸಣ್ಣ ಪಾಲಿನಷ್ಟು ಹಣವನ್ನು ತೆಳುಗಾಳಿಯ ಪರೀಕ್ಷಾಗಾರಕ್ಕೂ, ಎಂಜಿನ್ ಹೊತ್ತು ಹಾರುವ ನಮ್ಮದೇ ಒಂದು ದೊಡ್ಡ ವಿಮಾನಕ್ಕೂ ಮೀಸಲಿಡಬೇಕು, ವಿನ್ಯಾಸ ಮುಗಿಯುವ ಮೊದಲೇ.